ಒಂದೇ ರಸ್ತೆಯಲ್ಲಿ ಎರಡು ಉಡುಪಿ ಹೋಟೆಲು: ವ್ಯಾಪಾರ ಬೆಳೆಸುವುದು ಮಾಲೀಕರ ಧೈರ್ಯವೋ, ಅವರ ಬಳಗವೋ?

ತಿಂಡಿಮನೆ_ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಯಜಮಾನರೂ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಸಣ್ಣ ತಿಂಡಿಮನೆ ನಡೆಸುತ್ತಿದ್ದೇವೆ. ಬೆಳಗ್ಗೆ ಇಡ್ಲಿ, ವಡೆ, ನೀರುದೋಸೆ; ಸಂಜೆ ಗೋಳಿಬಜೆ. ಕುಳಿತು ತಿನ್ನಲು ಜಾಗವಿಲ್ಲ, ಕಟ್ಟಿಸಿಕೊಂಡು ಹೋಗುವವರೇ ಗಿರಾಕಿಗಳು. ವ್ಯಾಪಾರ ನಷ್ಟದಲ್ಲಿಲ್ಲ, ಆದರೆ ಇದ್ದಲ್ಲೇ ಇದೆ.

ನಮ್ಮದೇ ರಸ್ತೆಯಲ್ಲಿ ಉಡುಪಿ ಕಡೆಯವರ ಎರಡು ಹೋಟೆಲುಗಳಿವೆ. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಶುರುವಾದವು, ಇಬ್ಬರೂ ಒಂದೇ ಸಂಘದ ಸದಸ್ಯರು, ರುಚಿಯಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಒಬ್ಬರು ಕಲ್ಯಾಣದಲ್ಲಿ ಎರಡನೆಯ ಶಾಖೆ ತೆರೆದರು. ಇನ್ನೊಬ್ಬರು ಹೋಟೆಲನ್ನು ಕರಾರಿನ ಮೇಲೆ ಬೇರೆಯವರು ನಡೆಸುವ ಕಂಡಕ್ಟಿಂಗ್‌ಗೆ ಕೊಟ್ಟು ಊರಿಗೆ ಹೋಗುವ ಮಾತಾಡುತ್ತಿದ್ದಾರೆ. ಏಕೆ ಹೀಗೆ ಎಂದು ಕೇಳಿದರೆ ನಮ್ಮ ಮಾವನವರು "ಅದು ಅವರವರ ಎದೆಗಾರಿಕೆ" ಎನ್ನುತ್ತಾರೆ. ಮೈದುನ ಮಾತ್ರ "ಎಲ್ಲವೂ ಪರಿಚಯದ ಬಲ" ಎನ್ನುತ್ತಾನೆ.

ಇದು ನಮ್ಮ ಹಣದ ಪ್ರಶ್ನೆಯೂ ಹೌದು. ವಾರಕ್ಕೊಮ್ಮೆ ಬೆಳಗ್ಗೆ ಸೇರಿ ಒಬ್ಬರಿಗೊಬ್ಬರು ಗಿರಾಕಿಗಳನ್ನು ಪರಿಚಯಿಸುವ ವ್ಯಾಪಾರಿಗಳ ಗುಂಪೊಂದಕ್ಕೆ ಸೇರಿ ಎಂದು ಮೈದುನ ಒತ್ತಾಯಿಸುತ್ತಿದ್ದಾನೆ. ಅದರ ವಾರ್ಷಿಕ ಶುಲ್ಕಕ್ಕೆ ಒಂದು ದೊಡ್ಡ ಗ್ರೈಂಡರ್ ಬರುತ್ತದೆ. ಏನು ಮಾಡುವುದು?

ಸಾಂತಾಕ್ರೂಜ್ ಸಂಜೆ
ಗ್ರೈಂಡರ್ ತೆಗೆದುಕೊಳ್ಳಿ. ಹಿಟ್ಟು ಇದ್ದರೆ ಗಿರಾಕಿ ಬರುತ್ತಾನೆ.

ಮಾಟುಂಗಾದ ಹಳಬ
ತಂಗೀ, ಬಳಗವಿಲ್ಲದಿದ್ದರೆ ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳೇ ಇರುತ್ತಿರಲಿಲ್ಲ. ಊರಿನಿಂದ ಹೊರಟ ಹುಡುಗನ ಜೇಬಿನಲ್ಲಿ ಒಂದು ವಿಳಾಸವಿರುತ್ತಿತ್ತು, ಅಷ್ಟೇ. ಆ ವಿಳಾಸದಲ್ಲಿ ಊಟ, ಮಲಗಲು ಹೋಟೆಲಿನ ಬೆಂಚು, ಮರುದಿನದಿಂದ ಕೆಲಸ. ಟೇಬಲ್ ಒರೆಸುವವನು ಮಾಣಿಯಾಗಿ, ಮಾಣಿ ಹಣ ಎಣಿಸುವ ಗಲ್ಲೆಗೆ ಬಂದು, ಗಲ್ಲೆಯಲ್ಲಿದ್ದವನು ಮುಂದೊಂದು ದಿನ ಪಾಲುದಾರನಾಗುತ್ತಿದ್ದ. ಹೊಸ ಜಾಗದ ಠೇವಣಿಗೆ ಹಳೆಯ ಮಾಲೀಕನೇ ಒಂದಿಷ್ಟು ಹಣ ಕೊಡುತ್ತಿದ್ದ. ಹಗಲು ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಹತ್ತನೆಯ ತರಗತಿ ಪಾಸಾಗುತ್ತಿದ್ದರು.

ಇದಕ್ಕೆಲ್ಲ ಬೆನ್ನೆಲುಬು ಕರಾವಳಿಯ ಒಂದೊಂದು ಸಮುದಾಯ ಮುಂಬಯಿಯಲ್ಲಿ ಕಟ್ಟಿದ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಚಿತ್ರಾಪುರ ಸಾರಸ್ವತರು 1906ರಲ್ಲೇ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಕಟ್ಟಿದ್ದರು. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಆರಂಭಿಸಿದರು. ಆಸ್ತಿಪತ್ರವಿಲ್ಲದ ಹೋಟೆಲ್ ಹುಡುಗನ ಸಾಲದ ಅರ್ಜಿಯನ್ನು ಅವನ ನಡತೆ ಬಲ್ಲವರು ಕುಳಿತು ಓದಿದ್ದು ಅಲ್ಲಿ. ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ಮಾಟುಂಗಾ ನಿಲ್ದಾಣದ ಪಕ್ಕದಲ್ಲಿ ಬಾಳೆ ಎಲೆ ಹಾಕುತ್ತಿದೆ. ಎದೆಗಾರಿಕೆ ಬೇಕು, ಒಪ್ಪುತ್ತೇನೆ. ಎದೆಗಾರಿಕೆಯಿದ್ದೂ ಜಾಮೀನು ಹಾಕುವವರಿಲ್ಲದೆ ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ.

ಲೇತ್_ಭೋಸರಿ
ಹಳಬರೇ, ಹೋಟೆಲಿಗೆ ನೀವು ಹೇಳಿದ್ದು ಸರಿ ಇರಬಹುದು. ಎಲ್ಲ ಕಸುಬಿಗೂ ಅದನ್ನೇ ಅನ್ವಯಿಸಬೇಡಿ. ನಾನು ಬೆಳಗಾವಿಯವನು, ಪುಣೆ ಬಳಿಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಸಣ್ಣ ಶೆಡ್ಡು, ಎರಡು ಸಿಎನ್‌ಸಿ ಲೇತು, ಒಂದು ವಿಎಂಸಿ, ಎಲ್ಲ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರಗಳು. ವಾಹನ ಕಂಪನಿಗಳಿಗೆ ಬಿಡಿಭಾಗ ಪೂರೈಸುವವರಿಂದ ಜಾಬ್‌ವರ್ಕ್ ಬರುತ್ತದೆ. ನನಗೆ ಸಿಕ್ಕ ಮೊದಲ ದೊಡ್ಡ ಆರ್ಡರು ಯಾವ ಕನ್ನಡ ಸಂಘದಿಂದಲೂ ಬರಲಿಲ್ಲ. ಕಟಿಂಗ್ ಟೂಲ್ ಮಾರಲು ಶೆಡ್ಡಿಂದ ಶೆಡ್ಡಿಗೆ ತಿರುಗುವ ಒಬ್ಬ ತಮಿಳು ಹುಡುಗ "ಚಾಕಣದಲ್ಲಿ ಇಂಥವರಿಗೆ ಇಂಥ ಭಾಗ ಸಮಯಕ್ಕೆ ಸಿಗುತ್ತಿಲ್ಲ" ಎಂದು ಹೇಳಿದ. ಮರುದಿನವೇ ಹೋದೆ. ಆ ಮಾತನ್ನು ಅವನು ನಮ್ಮ ಸಾಲಿನ ಎಲ್ಲ ಶೆಡ್ಡುಗಳಲ್ಲೂ ಹೇಳಿದ್ದ. ಹೋದವನು ನಾನೊಬ್ಬನೇ.

ಈಗ ಇದನ್ನು ಬಳಗ ಎನ್ನುತ್ತೀರಾ, ಎದೆಗಾರಿಕೆ ಎನ್ನುತ್ತೀರಾ?

ಕೊಥ್ರೂಡ್ ಓದುಗಿ
ಎರಡೂ ಎನ್ನುತ್ತೇನೆ ಸರ್. ಪುಣೆಯಲ್ಲಿ ವ್ಯವಹಾರಾಧ್ಯಯನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಇದು ನನ್ನ ವಿಷಯಕ್ಕೆ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

"ಎದೆಗಾರಿಕೆ" ಎಂದು ಒಂದೇ ಪದದಲ್ಲಿ ಹೇಳುವುದನ್ನು ಉದ್ಯಮಗಳನ್ನು ಅಧ್ಯಯನ ಮಾಡುವ ಡ್ಯಾನಿ ಮಿಲ್ಲರ್ 1983ರಲ್ಲಿ ಮೂರಾಗಿ ಬಿಡಿಸಿದರು: ಹೊಸದನ್ನು ಮಾಡುವ ಮನಸ್ಸು, ನಷ್ಟದ ಸಾಧ್ಯತೆಗೆ ಹೆದರದೆ ಹಣ ಹಾಕುವುದು, ಇತರರಿಗಿಂತ ಮೊದಲೇ ಹೆಜ್ಜೆ ಇಡುವುದು. 1996ರಲ್ಲಿ ಲಂಪ್ಕಿನ್ ಮತ್ತು ಡೆಸ್ ಇದಕ್ಕೆ ಸ್ವಂತ ನಿರ್ಧಾರದ ಸ್ವಾತಂತ್ರ್ಯವನ್ನೂ ಎದುರಾಳಿಗಳ ಮೇಲೆ ಬೀಳುವ ಹುರುಪನ್ನೂ ಸೇರಿಸಿದರು. ಇವು ಒಟ್ಟೊಟ್ಟಿಗೆ ಬರುತ್ತವೆ ಎಂದೇನೂ ಇಲ್ಲ. ಧಾರಾಳವಾಗಿ ಸಾಲ ಎತ್ತುವವರು ಹೊಸ ತಿಂಡಿ ಮಾಡಲು ಹಿಂಜರಿಯಬಹುದು.

ಪರಿಚಯದ ವಿಚಾರಕ್ಕೆ ಬಂದರೆ, ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು ಭೋಸರಿಯ ಆ ಟೂಲ್ ಮಾರುವ ಹುಡುಗನಿಗೆ ಚೆನ್ನಾಗಿ ಹೊಂದುತ್ತದೆ. ಬಾಸ್ಟನ್ ಬಳಿ ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದಾಗ, ಆ ಸುದ್ದಿ ತಂದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು 17% ಮಾತ್ರ. ಸುಮಾರು 28% ಜನ ಅವರನ್ನು ಕಂಡದ್ದೇ ಅಪರೂಪ. ದಿನಾ ಜೊತೆಗಿರುವವರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಸಾಂತಾಕ್ರೂಜ್ ಸಂಜೆ
ಅದು ಸಂಬಳದ ಕೆಲಸ ಹುಡುಕಿದವರ ಲೆಕ್ಕ. ಇಡ್ಲಿ ಮಾರುವವರಿಗೂ ಅದಕ್ಕೂ ಏನು ಸಂಬಂಧ?

ಕೊಥ್ರೂಡ್ ಓದುಗಿ
ಅಂಕಿ ಕೆಲಸ ಹುಡುಕಿದವರದ್ದೇ, ನಿಜ. ಆದರೆ ಸುದ್ದಿ ಹೇಗೆ ಹರಿಯುತ್ತದೆ ಎನ್ನುವುದು ವ್ಯಾಪಾರಕ್ಕೂ ಅದೇ. ವ್ಯಾಪಾರದ್ದೇ ಬೇಕೆಂದರೆ ಬ್ರಯಾನ್ ಉಜ್ಜಿ 1990ರ ದಶಕದಲ್ಲಿ ನ್ಯೂಯಾರ್ಕಿನ ಉಡುಪು ತಯಾರಕರ ನಡುವೆ ಮಾಡಿದ ಅಧ್ಯಯನವಿದೆ. ಒಳ್ಳೆಯ ಒಡನಾಟವಿದ್ದ ಘಟಕಗಳು ಬದುಕಿದವು. ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಕೆಲಸ ಹಂಚಿಕೊಂಡರು, ಕಾಗದಪತ್ರವಿಲ್ಲದೆ ಸಮಸ್ಯೆ ಬಗೆಹರಿಸಿಕೊಂಡರು. ಆದರೆ ಆ ಒಡನಾಟ ಕೆಲವರ ಸುತ್ತಲೇ ಗಂಟುಬಿದ್ದಾಗ ಅದೇ ಅವರನ್ನು ಹಿಡಿದೂ ಹಾಕಿತು. ಹೊರಗೇನು ನಡೆಯುತ್ತಿದೆ ಎಂಬುದು ಅವರಿಗೆ ತಿಳಿಯದೇ ಹೋಯಿತು.

ಹಪ್ಪಳ_ಮುಲುಂಡ್
ಇದನ್ನು ಓದಲು ಬಾಸ್ಟನ್ನಿಗೂ ನ್ಯೂಯಾರ್ಕಿಗೂ ಹೋಗಬೇಕಾಗಿಲ್ಲ ಮಗಳೇ, ಮುಂಬಯಿಯ ಗಿರಗಾಂವಿಗೆ ಬಂದರೆ ಸಾಕು. 1959ರ ಮಾರ್ಚ್ 15ರಂದು ಏಳು ಜನ ಗುಜರಾತಿ ಹೆಂಗಸರು ಒಂದೇ ಕಟ್ಟಡದ ಮಾಳಿಗೆಯಲ್ಲಿ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್. ಬಂಡವಾಳ 80 ರೂಪಾಯಿ, ಅದೂ ಸಾಲ. ದಾನ ಬೇಡ ಎಂದು ಮೊದಲೇ ತೀರ್ಮಾನಿಸಿದ್ದರು. ನೆರೆಹೊರೆಯೇ ಅವರ ಬಳಗ, ಹಟವೇ ಅವರ ಧೈರ್ಯ.

ನನ್ನ ಮಾತು ಬೇರೆ. ಹಳಬರು ಸಂಘಗಳ ಬಗ್ಗೆ ಇಷ್ಟು ಬರೆದರಲ್ಲ, ಅದರಲ್ಲಿ ಹೆಂಗಸರು ಎಲ್ಲಿದ್ದರು? ಸಾಲದ ಮಾತು, ಪಾಲಿನ ಮಾತು, ಖಾಲಿ ಅಂಗಡಿಜಾಗದ ಮಾತು ನಡೆಯುತ್ತಿದ್ದದ್ದು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಗಂಡಸರ ನಡುವೆ. ನಮಗೆ ಸಿಕ್ಕಿದ್ದು ಅರಿಸಿನ ಕುಂಕುಮ ಮತ್ತು ಭಜನೆ. ನಾನು ಹಪ್ಪಳ ಉಪ್ಪಿನಕಾಯಿ ಶುರು ಮಾಡಿದ್ದು ನಮ್ಮ ವಸತಿ ಸೊಸೈಟಿಯ ಭಿಶಿ ಹಣದಿಂದ. ಮರಾಠಿ, ಗುಜರಾತಿ, ಸಿಂಧಿ ಹೆಂಗಸರು ತಿಂಗಳಿಗೊಮ್ಮೆ ಹಾಕಿ ಒಬ್ಬೊಬ್ಬರಾಗಿ ಎತ್ತುವ ಚೀಟಿ. ನನ್ನ ಮೊದಲ ಗಿರಾಕಿಗಳೂ ಅವರೇ. ಡೊಂಬಿವಲಿಯ ತಂಗೀ, ನಿನ್ನ ರಸ್ತೆಯ ಸೊಸೈಟಿಗಳ ಹೆಂಗಸರನ್ನು ಎಷ್ಟು ಜನರನ್ನು ಹೆಸರು ಹಿಡಿದು ಬಲ್ಲೆ? ಅಲ್ಲಿಂದ ಶುರು ಮಾಡು.

ಮಾಟುಂಗಾದ ಹಳಬ
ಅಕ್ಕ ಹೇಳಿದ್ದು ನೇರವಾಗಿ ತಾಗಿತು. ಆ ಕಾಲದ ಸಂಘಗಳಲ್ಲಿ ಹೆಂಗಸರಿಗೆ ವ್ಯಾಪಾರದ ಜಾಗವಿರಲಿಲ್ಲ ಎನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಅಡುಗೆಮನೆಯ ಹಿಂದೆ ಕುಳಿತು ಕಾಯಿ ತುರಿದವರಲ್ಲಿ ಎಷ್ಟೋ ಜನ ಗಂಡನಿಗಿಂತ ಚೆನ್ನಾಗಿ ಲೆಕ್ಕ ಬಲ್ಲವರಾಗಿದ್ದರು.

ವಾಶಿ ತರಕಾರಿ
ಕಾಯಿ ಎಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಯಾರು ಹೇಗೆ ನಡೆದುಕೊಂಡರು ಎಂದು ನಾವು ಮಾರುಕಟ್ಟೆಯಲ್ಲಿ ಕುಳಿತು ನೋಡಿದ್ದೇವೆ. ಕೆಲವರು ಚಟ್ನಿಗೆ ನೀರು ಹೆಚ್ಚಿಸಿದರು, ಗಿರಾಕಿಗೆ ಮೊದಲ ತುತ್ತಿಗೇ ಗೊತ್ತಾಯಿತು. ಕೆಲವರು ಶೇಂಗಾ, ಹುರಿಗಡಲೆ ಚಟ್ನಿಯನ್ನು ಹೆಸರು ಹೇಳಿಯೇ ಬಡಿಸಿದರು. ಅಂಧೇರಿ ಕಡೆಯ ನಾಲ್ಕಾರು ಹೋಟೆಲಿನವರು ಒಟ್ಟಾಗಿ ಒಂದೇ ಲಾರಿ ಲೋಡು ತರಿಸಿ ಹಂಚಿಕೊಂಡರು. ಎದುರುಬದುರು ಅಂಗಡಿಯವರು, ಹೊರಗೆ ಪೈಪೋಟಿ, ಖರೀದಿಗೆ ಮಾತ್ರ ಒಂದು. ಇಂಥ ಬಳಗಕ್ಕೆ ಯಾವ ಶುಲ್ಕವೂ ಇಲ್ಲ.

ಸಾಂತಾಕ್ರೂಜ್ ಸಂಜೆ
ಶೇಂಗಾ ಚಟ್ನಿಯನ್ನು ನೀರುದೋಸೆಗೆ ಹಾಕಿದವರ ಬಗ್ಗೆ ಬೇರೆ ಚರ್ಚೆ ಶುರು ಮಾಡಬೇಕು.

ವಾಶಿ ತರಕಾರಿ
ನಮ್ಮ ವಿಜಯಪುರದ ಕಡೆ ಶೇಂಗಾ ಹಿಂಡಿ ಇಲ್ಲದೆ ಊಟವೇ ಇಲ್ಲ. ಬೇಕಾದರೆ ಶುರು ಮಾಡಿ, ಬರುತ್ತೇನೆ.

ಮಡಗಾಂವ್ ಮಳಿಗೆ
ಗೋವಾದಿಂದ ಒಂದು ಮಾತು. ಇಲ್ಲಿ ವ್ಯಾಪಾರದ ಆರೋಗ್ಯ ಗೊತ್ತಾಗುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗಳು ಇಳಿಯುತ್ತಾರೆ, ಬಾಡಿಗೆ ಇಳಿಯುವುದಿಲ್ಲ. ನನ್ನದು ದಿನಸಿ ಮತ್ತು ತರಕಾರಿ, ಹೋಟೆಲುಗಳಿಗೆ ಪೂರೈಕೆ. ಸರಕು ಬೆಳಗಾವಿಯಿಂದ ಘಟ್ಟ ಇಳಿದು ಬರುತ್ತದೆ. ಬೆಳಗಾವಿಯ ದಲಾಲರು ಮಳೆಗಾಲದಲ್ಲಿ ಉದ್ದರಿ ಕೊಡುತ್ತಾರೆ, ನಾನು ಹೋಟೆಲಿನವರಿಗೆ ಉದ್ದರಿ ಕೊಡುತ್ತೇನೆ, ದೀಪಾವಳಿಯ ಹೊತ್ತಿಗೆ ಎಲ್ಲರ ಲೆಕ್ಕ ಚುಕ್ತಾ. ಈ ಸರಪಳಿಯಲ್ಲಿ ಬರವಣಿಗೆ ಕಡಿಮೆ, ನಂಬಿಕೆ ಹೆಚ್ಚು. 2020ರ ಲಾಕ್‌ಡೌನಿನಲ್ಲಿ ಗೋವಾದಲ್ಲಿ ಎಷ್ಟೋ ಅಂಗಡಿಗಳು ಉಳಿದದ್ದು ಬ್ಯಾಂಕಿನಿಂದಲ್ಲ, ಇಂಥ ಉದ್ದರಿಯಿಂದ.

ಆದರೆ ಉದ್ದರಿ ಯಾರಿಗೆ ಸಿಗುತ್ತದೆ ಎಂಬುದನ್ನು ಗಮನಿಸಿ. ಕಷ್ಟವಿದೆ ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಇಷ್ಟು ದಿನ ಬೇಕು ಎಂದು ಕೇಳಿದವರಿಗೆ ಸಿಕ್ಕಿತು. ಫೋನ್ ಎತ್ತದೆ ತಪ್ಪಿಸಿಕೊಂಡವರಿಗೆ ಅದೇ ದಲಾಲರು ಮರುವರ್ಷ ನಗದು ಕೇಳಿದರು. ಹಣವಿಲ್ಲ ಎಂದು ಎದುರಿಗೆ ನಿಂತು ಹೇಳುವುದಕ್ಕೂ ಧೈರ್ಯ ಬೇಕು, ಅದು ನಿಮ್ಮ ಮಿಲ್ಲರರ ಪಟ್ಟಿಯಲ್ಲಿದೆಯೋ ಇಲ್ಲವೋ.

ಕೊಥ್ರೂಡ್ ಓದುಗಿ
ಪಟ್ಟಿಯಲ್ಲಿಲ್ಲ ಅಣ್ಣ. ಇರಬೇಕಿತ್ತು.

ಲೇತ್_ಭೋಸರಿ
ನಂಬಿಕೆಯ ಉದ್ದರಿ ಸಮಾನರ ನಡುವೆ ಚೆಂದ. ನಮ್ಮಲ್ಲಿ ಕೊಳ್ಳುವವನು ಆನೆ, ಕೊಡುವವನು ಇರುವೆ. ಕೆಲಸ ಮುಗಿಸಿ ಬಿಲ್ಲು ಕೊಟ್ಟರೆ 90 ದಿನ, ಕೆಲವೊಮ್ಮೆ 120 ದಿನ. ಪರಿಚಯವಿದೆ ಎಂಬ ಕಾರಣಕ್ಕೇ ಕೇಳಲು ಸಂಕೋಚ. ಈಗ ಸರ್ಕಾರ 45 ದಿನದೊಳಗೆ ಕೊಡಲೇಬೇಕು ಎಂದು ಕಾನೂನು ಮಾಡಿದೆ, ಸಣ್ಣ ಅಂಗಡಿಯವರೂ ಬಳಸಿಕೊಳ್ಳಿ.

ಲೆಕ್ಕಪತ್ರ_ಠಾಣೆ
ಸ್ವಲ್ಪ ತಿದ್ದುತ್ತೇನೆ. ಸಣ್ಣ ಉದ್ಯಮಗಳಿಗೆ ತಡವಾಗಿ ಹಣ ಕೊಟ್ಟರೆ ಬಡ್ಡಿ ಸೇರಿಸಿ ಕೊಡಬೇಕೆಂಬುದು 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇತ್ತು. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆಗೆ 43ಬಿ(ಎಚ್) ಎಂಬ ಕಲಮು ಸೇರಿದ ಮೇಲೆ ಅದಕ್ಕೆ ಹಲ್ಲು ಬಂತು. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅವಧಿ ಮೀರಿದರೆ ಕೊಳ್ಳುವವರಿಗೆ ಆ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ, ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಆದರೆ ಇದು ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಅನ್ವಯಿಸುವುದಿಲ್ಲ. ಮಡಗಾಂವಿನ ಅಣ್ಣನಿಗೆ ಸಿಗದು, ಭೋಸರಿಯವರಿಗೆ ಸಿಗುತ್ತದೆ. ಸಣ್ಣ ಉದ್ಯಮವೆಂದು ದಾಖಲಿಸುವ ಸರ್ಕಾರದ ಉದ್ಯಮ್ ನೋಂದಣಿ ಮೊದಲು ಮಾಡಿಸಿಕೊಳ್ಳಿ, ಅದು ಉಚಿತ. ಹಣ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ಲೇತ್_ಭೋಸರಿ
ತಿದ್ದಿದ್ದಕ್ಕೆ ಧನ್ಯವಾದ. ಒಂದು ಪ್ರಶ್ನೆ: ಬಾಕಿ ಹಣದ ದೂರಿಗಿರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಟ್ಟ ಮೇಲೆ ಆ ಕಂಪನಿ ನನಗೆ ಮತ್ತೆ ಆರ್ಡರು ಕೊಡುತ್ತದೆಯೇ?

ಲೆಕ್ಕಪತ್ರ_ಠಾಣೆ
ಕೊಡದಿರಬಹುದು. ಅದಕ್ಕೇ ಒಂದೇ ಗಿರಾಕಿಯ ಮೇಲೆ ಇಡೀ ಶೆಡ್ಡು ನಿಲ್ಲಿಸಬೇಡಿ ಎಂದು ನನ್ನ ಬಳಿ ಬರುವ ಎಲ್ಲರಿಗೂ ಬೈದು ಹೇಳುತ್ತೇನೆ. ಅರ್ಧಕ್ಕಿಂತ ಹೆಚ್ಚು ವಹಿವಾಟು ಒಬ್ಬರಿಂದಲೇ ಬರುತ್ತಿದ್ದರೆ ಹಕ್ಕು ಕೇಳಲೂ ಬಾಯಿ ಬರುವುದಿಲ್ಲ.

ಪನ್ವೇಲ್ ಪಯಣಿಗ
ಬಳಗದ ಇನ್ನೊಂದು ಮುಖವನ್ನು ಯಾರೂ ಹೇಳಲಿಲ್ಲ. ನಮ್ಮ ತಂದೆ ಸಂಬಂಧಿಯೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಹೋಟೆಲು ಮುಚ್ಚಿತು, ಅವರು ಊರು ಬಿಟ್ಟರು, ನಮ್ಮ ಮನೆಗೆ ನೋಟಿಸು ಬಂತು. ತಂಗಿಯ ಮದುವೆಗೆಂದು ಇಟ್ಟ ಹಣ ಅದಕ್ಕೆ ಹೋಯಿತು. "ನಮ್ಮವರು" ಎಂದು ಸಹಿ ಹಾಕುವ ಸಂಪ್ರದಾಯವನ್ನು ಹಳಬರು ಇಷ್ಟು ಕೊಂಡಾಡುವುದನ್ನು ಓದಿ ಸಂಕಟವಾಯಿತು.

ಇನ್ನೂ ಒಂದು. ಒಬ್ಬ ಪಾವ್‌ಭಾಜಿ ಕೌಂಟರ್ ಇಟ್ಟು ಗೆದ್ದರೆ ವರ್ಷದೊಳಗೆ ಬಳಗದವರೆಲ್ಲ ಅದನ್ನೇ ಇಡುತ್ತಾರೆ. ಒಂದೇ ಬಳಗದಲ್ಲಿ ಎಲ್ಲರ ಕಿವಿಗೂ ಒಂದೇ ಸುದ್ದಿ, ಎಲ್ಲರ ತಲೆಯಲ್ಲೂ ಒಂದೇ ಯೋಚನೆ.

ಮಾಟುಂಗಾದ ಹಳಬ
ನಿಮ್ಮ ತಂದೆಯವರಿಗೆ ಆದದ್ದು ಅನ್ಯಾಯ. ಅಂಥ ಕಥೆಗಳು ನನಗೂ ಗೊತ್ತು. ಆದರೂ ಹೇಳುತ್ತೇನೆ, ಜಾಮೀನು ಹಾಕಿ ಕೈ ಸುಟ್ಟುಕೊಂಡವರಷ್ಟೇ ಜನ, ಜಾಮೀನು ಸಿಕ್ಕಿದ್ದರಿಂದ ಮಕ್ಕಳನ್ನು ಓದಿಸಿದವರೂ ಇದ್ದಾರೆ.

ನನ್ನ ಚಿಂತೆ ಬೇರೆಯೇ. ನಾನು ವರ್ಣಿಸಿದ ಆ ಏಣಿ ಈಗ ಇಲ್ಲ. ಊರಿನ ಹುಡುಗರು ಹೋಟೆಲಿಗೆ ಬರುವುದಿಲ್ಲ, ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಬರಬೇಕೆಂದು ನಾನೂ ಹೇಳಲಾರೆ, ಓದಿದವರು ಏಕೆ ಟೇಬಲ್ ಒರೆಸಬೇಕು? ಇವತ್ತು ನಮ್ಮ ಹೋಟೆಲುಗಳಲ್ಲಿ ದೋಸೆ ಹುಯ್ಯುವವರು ಒಡಿಶಾ, ಜಾರ್ಖಂಡ್, ಬಂಗಾಳ, ನೇಪಾಳದ ಹುಡುಗರು. ಅವರನ್ನು ಗಲ್ಲೆಗೆ ಕೂರಿಸುತ್ತೇವೆಯೇ? ಪಾಲು ಕೊಡುತ್ತೇವೆಯೇ? ನಮಗೆ ಸಿಕ್ಕಿದ್ದನ್ನು ಅವರಿಗೆ ಕೊಡದಿದ್ದರೆ ಅವರು ಕಲಿತ ಮೇಲೆ ಎದುರು ಬೀದಿಯಲ್ಲಿ ಅಂಗಡಿ ಇಡುತ್ತಾರೆ. ಇಡಲಿ, ತಪ್ಪೇನೂ ಇಲ್ಲ.

ಮಡಗಾಂವ್ ಮಳಿಗೆ
ಇಲ್ಲಿ ಅದು ಆಗಲೇ ಆಗಿದೆ. ನನ್ನಿಂದ ಸರಕು ಒಯ್ಯುವ ಒಂದು ದೋಸೆ ಗಾಡಿಯ ಮಾಲೀಕ ಒಡಿಶಾದವನು. ಸಾಂಬಾರ್ ಚೆನ್ನಾಗಿದೆ, ಬಾಕಿ ಒಂದು ದಿನ ತಪ್ಪಿಸಿಲ್ಲ.

ತಿಂಡಿಮನೆ_ಡೊಂಬಿವಲಿ
ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಮ್ಮ ರಸ್ತೆಯ ಎರಡು ಹೋಟೆಲುಗಳ ಬಗ್ಗೆ ಇನ್ನಷ್ಟು ವಿವರ ಕೊಡುತ್ತೇನೆ, ಏಕೆಂದರೆ ಇಲ್ಲಿ ಓದಿದ ಮೇಲೆ ನನಗೇ ಬೇರೆ ರೀತಿ ಕಾಣತೊಡಗಿದೆ.

ಹೋಟೆಲು ಬಿಟ್ಟು ಊರಿಗೆ ಹೋಗುವ ಮಾತಾಡುತ್ತಿರುವವರೇ ಸಂಘದಲ್ಲಿ ಹೆಚ್ಚು ಓಡಾಡುವವರು. ಕಾರ್ಯಕಾರಿ ಸಮಿತಿಯಲ್ಲಿದ್ದಾರೆ, ಯಕ್ಷಗಾನ ಬಂದರೆ ಊಟದ ವ್ಯವಸ್ಥೆ ಅವರದ್ದೇ, ಯಾರ ಮನೆಯ ಕಾರ್ಯವಾದರೂ ಮುಂದೆ ನಿಲ್ಲುತ್ತಾರೆ. ಬೆಳೆದವರು ಸಭೆಗೆ ಬರುವುದೇ ಅಪರೂಪ. ಆದರೆ ಅವರಿಗೆ ಸುತ್ತಲಿನ ಸೊಸೈಟಿಗಳ ಕಾರ್ಯದರ್ಶಿಗಳು, ಎರಡು ಶಾಲೆಗಳ ಕ್ಯಾಂಟೀನ್ ನೋಡಿಕೊಳ್ಳುವವರು, ರಿಕ್ಷಾ ಸ್ಟ್ಯಾಂಡಿನವರು ಎಲ್ಲರೂ ಗೊತ್ತು. ಗಣಪತಿ ಹಬ್ಬದಲ್ಲಿ ಮಂಡಳಿಗಳಿಗೆ ಉಪವಾಸದ ತಿಂಡಿ, ಆವಿಯಲ್ಲಿ ಬೇಯಿಸಿದ ಉಕಡೀಚೆ ಮೋದಕ ಮಾಡಿಕೊಡಲು ಶುರು ಮಾಡಿದ್ದು ನಮ್ಮ ರಸ್ತೆಯಲ್ಲಿ ಅವರೇ ಮೊದಲು. ಮೋದಕ ಮಾಡಲು ಅಕ್ಕಪಕ್ಕದ ಮರಾಠಿ ಹೆಂಗಸರನ್ನೇ ಕರೆದರು. ಈಗ ಆ ಮನೆಗಳ ಹುಟ್ಟುಹಬ್ಬ, ಬಾರಸೆ (ನಾಮಕರಣ) ಎಲ್ಲಕ್ಕೂ ಅವರದ್ದೇ ಊಟ.

ಲೇತ್_ಭೋಸರಿ
ಅಲ್ಲಿಗೆ ನಾನು ಹೇಳಿದ್ದೇ ಆಯಿತು. ಸಂಘ ಬೇಡ, ಹೊರಗಿನ ಪರಿಚಯ ಬೇಕು.

ಮಾಟುಂಗಾದ ಹಳಬ
ನಿಲ್ಲಿ. ಬೆಳೆದವರ ಮೊದಲ ಠೇವಣಿ ಎಲ್ಲಿಂದ ಬಂತು ಎಂದು ಕೇಳಿದ್ದೀರಾ ತಂಗೀ?

ತಿಂಡಿಮನೆ_ಡೊಂಬಿವಲಿ
ಗೊತ್ತು. ಸೋದರಮಾವನ ಹೋಟೆಲಿನಲ್ಲಿ ಗಲ್ಲೆ ನೋಡಿಕೊಳ್ಳುತ್ತಿದ್ದರು. ಠೇವಣಿ ಮಾವನದ್ದು, ಉಳಿದದ್ದು ಸಮುದಾಯದ ಸಹಕಾರಿ ಸಂಸ್ಥೆಯ ಸಾಲ.

ಮಾಟುಂಗಾದ ಹಳಬ
ಅಷ್ಟೇ ಕೇಳಬೇಕಿತ್ತು. ಬಾಗಿಲು ತೆರೆದವರು ಒಳಗಿನವರು.

ಕೊಥ್ರೂಡ್ ಓದುಗಿ
ಇಬ್ಬರ ಮಾತೂ ಒಂದೇ ಹೋಟೆಲಿನ ಎರಡು ಕಾಲಕ್ಕೆ ಸೇರಿದ್ದು. ಶುರುವಾಗುವಾಗ ಹತ್ತಿರದವರು ಬೇಕು, ಹಣಕ್ಕೂ ಭರವಸೆಗೂ. ಬೆಳೆಯುವಾಗ ದೂರದವರು ಬೇಕು, ಸುದ್ದಿಗೂ ಹೊಸ ಗಿರಾಕಿಗೂ. ಮೊದಲ ಕಾಲದ ಬಳಗದಲ್ಲೇ ಎಲ್ಲ ಸಮಯ ಕಳೆದವರು ಎರಡನೆಯದಕ್ಕೆ ದಾಟುವುದಿಲ್ಲ.

ಆದರೂ ಇದನ್ನು ಸಿದ್ಧಾಂತ ಮಾಡಬೇಡಿ ಎಂದು ನನ್ನ ಕಳಕಳಿಯ ವಿನಂತಿ. ನಮ್ಮ ಕ್ಷೇತ್ರದ ಅಧ್ಯಯನಗಳಲ್ಲೇ ಒಂದು ದೊಡ್ಡ ತೊಡಕಿದೆ. ಪ್ರಶ್ನಾವಳಿ ಹಿಡಿದು ಹೋದಾಗ ಉತ್ತರಿಸುವವರು ಬದುಕಿ ಉಳಿದ ವ್ಯಾಪಾರಿಗಳು. ಧೈರ್ಯ ಮಾಡಿ ಮುಳುಗಿದವರು ಉತ್ತರಿಸಲು ಅಲ್ಲಿರುವುದಿಲ್ಲ. ಎಷ್ಟೋ ಸಲ "ನಿಮ್ಮ ವ್ಯಾಪಾರ ಹೇಗಿದೆ" ಎಂಬುದನ್ನೂ ಮಾಲೀಕರ ಬಾಯಿಂದಲೇ ಕೇಳುತ್ತೇವೆ. ಜೊತೆಗೆ, ಗೆದ್ದವರ ಸುತ್ತ ಜನ ತಾವಾಗಿ ಸೇರುತ್ತಾರೆ. ಬಳಗದಿಂದ ಗೆಲುವೋ, ಗೆಲುವಿನಿಂದ ಬಳಗವೋ ಎಂದು ಒಂದೇ ಸಲ ಕೇಳಿದ ಪ್ರಶ್ನೆಯಿಂದ ಹೇಳಲಾಗದು.

ಹಪ್ಪಳ_ಮುಲುಂಡ್
ಮುಳುಗಿದವರನ್ನೂ ಕೇಳಬೇಕು ಎಂದದ್ದು ಒಪ್ಪಿದೆ. ಸಂಘದಲ್ಲಿ ಎಲ್ಲರ ಕಾರ್ಯಕ್ಕೂ ನಿಂತ ಆ ಮನುಷ್ಯ ಹೋಟೆಲು ಬಿಡುವಾಗ ಸಂಘ ಏನು ಮಾಡುತ್ತಿದೆ?

ಮಾಟುಂಗಾದ ಹಳಬ
ಸರಿಯಾದ ಪ್ರಶ್ನೆ ಅಕ್ಕ. ತಂಗೀ, ಅವರು ಕಂಡಕ್ಟಿಂಗ್ ಕರಾರಿಗೆ ಸಹಿ ಹಾಕುವ ಮೊದಲು ಯಾರಾದರೂ ಹಿರಿಯರನ್ನು ಕೂರಿಸಿಕೊಳ್ಳಲಿ. ಲೈಸೆನ್ಸು ಸಾಮಾನ್ಯವಾಗಿ ಅವರ ಹೆಸರಿನಲ್ಲೇ ಉಳಿಯುತ್ತದೆ. ನಡೆಸುವವನು ಆಹಾರದ ನಿಯಮ ಮುರಿದರೂ ಆಗ ನೋಟಿಸು ಇವರಿಗೇ ಬರಬಹುದು. ಠೇವಣಿ ಎಷ್ಟು, ಕೆಲಸಗಾರರ ಬಾಕಿ ಯಾರದ್ದು, ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು ಎಂಬುದೆಲ್ಲ ಕಾಗದದಲ್ಲಿರಲಿ. ಒಪ್ಪಿದರೆ ನಾನೇ ಬಂದು ಕೂರುತ್ತೇನೆ.

ಲೆಕ್ಕಪತ್ರ_ಠಾಣೆ
ನಾನೂ ಬರುತ್ತೇನೆ, ಶುಲ್ಕವಿಲ್ಲದೆ. ಹಳೆಯ ಸಾಲದ ಕಂತಿನ ಅವಧಿ ಹೆಚ್ಚಿಸಲು ಸಾಧ್ಯವೇ ಎಂದು ಮೊದಲು ನೋಡೋಣ. ಹೋಟೆಲು ಬಿಡುವುದು ಕೊನೆಯ ದಾರಿ.

ಹೆಚ್ಚಿನ ಬಂಡವಾಳ ಬೇಕಿದ್ದರೆ ಸಣ್ಣ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಯೋಜನೆಯಾದ ಮುದ್ರಾ ಸಾಲವಿದೆ. ಅದರ ಮಿತಿ 10 ಲಕ್ಷ. ಅದರಲ್ಲಿ ತರುಣ್ ಎಂಬ ಮೇಲಿನ ವರ್ಗದ ಸಾಲ ಪಡೆದು ಪೂರ್ತಿ ತೀರಿಸಿದವರಿಗೆ 2024ರ ಬಜೆಟ್ಟಿನ ನಂತರ 20 ಲಕ್ಷ. 50 ಲಕ್ಷ ಕೊಡಿಸುತ್ತೇನೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಸಂದೇಶ ಸುಳ್ಳು.

ಪನ್ವೇಲ್ ಪಯಣಿಗ
ಜಾಮೀನು ಮಾತ್ರ ಯಾರನ್ನೂ ಕೇಳಬೇಡಿ, ದಯವಿಟ್ಟು.

ಲೆಕ್ಕಪತ್ರ_ಠಾಣೆ
ಕೇಳುವುದಿಲ್ಲ. ಮುದ್ರಾ ಸಾಲಕ್ಕೆ ಆಸ್ತಿ ಅಡಮಾನವೂ ಬೇಡ.

ತಿಂಡಿಮನೆ_ಡೊಂಬಿವಲಿ
ಅವರಿಗೆ ಇವತ್ತೇ ಹೇಳುತ್ತೇನೆ. ಮಂಗಳವಾರ ಮಧ್ಯಾಹ್ನ ಹೋಟೆಲು ಖಾಲಿ ಇರುತ್ತದೆ, ಆಗ ಬರಲು ಆಗುತ್ತದೆಯೇ?

ಮಾಟುಂಗಾದ ಹಳಬ
ಮೂರು ಗಂಟೆಗೆ ಬರುತ್ತೇನೆ. ಕಳೆದ ಮೂರು ವರ್ಷದ ಲೆಕ್ಕದ ಪುಸ್ತಕ ತೆಗೆದಿಡಲು ಹೇಳಿ.